ಅತ್ತೆಯ ದನಿ ತಗ್ಗಿದ ಜಾಗ

ಪುಸ್ತಕ ವಿಮರ್ಶೆ ಬರೆಯುವಷ್ಟು ಓದಿಕೊಂಡವಳು ನಾನಲ್ಲ. ಸಂಗೀತ ವಿಮರ್ಶೆಯಂತೂ ದೂರದ ಮಾತು. ಬಿ.ಎ., ಬಿ.ಎಡ್. ಮುಗಿಸಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ಗೊತ್ತಿರುವ ವಿಮರ್ಶೆ ಎಂದರೆ ಕೆಂಪು ಶಾಯಿಯದೊಂದೇ. ಆದರೂ ಹೋದ ಶ್ರಾವಣದಲ್ಲಿ ನಮ್ಮ ಮನೆಯಲ್ಲೇ ಒಂದು ಹಾಡಿನ ಮೂರು ಪ್ರತಿಗಳು ತಯಾರಾಗಿ, ಇದರಲ್ಲಿ ಯಾವುದು ಚೆನ್ನಾಗಿದೆ ಹೇಳಿ ಎಂದು ನನ್ನ ಮುಂದೆ ಬಂದಾಗ ವಿಮರ್ಶಕಿಯ ಪಟ್ಟ ತಾನಾಗಿ ಒದಗಿತು. ಹಾಡು ನಾಲ್ಕು ನಿಮಿಷದ್ದು. ಹಾಡಿದವರು ನಮ್ಮ ಅತ್ತೆ. ಅವರು ಈಗಿಲ್ಲ. ಮೂರು ಪ್ರತಿಗಳಲ್ಲೂ ಹಾಡು ಅದೇ, ದನಿಯೂ ಅದೇ. ಅವರು ಹಾಡಿದ ಒಂದು ಸ್ವರವನ್ನೂ ಯಾರೂ ಬದಲಿಸಿರಲಿಲ್ಲ. ಬದಲಾದದ್ದು ಎಲ್ಲಿ ಎಷ್ಟು ಗಟ್ಟಿಯಾಗಿ ಕೇಳಬೇಕು ಎನ್ನುವುದು. ಅಷ್ಟರಿಂದಲೇ ಮೂವರು ಬೇರೆ ಬೇರೆ ಹೆಂಗಸರು ಹಾಡಿದಂತಾಯಿತು ಎಂದರೆ ನಂಬುತ್ತೀರಾ?

ಮೊದಲು ಕ್ಯಾಸೆಟ್ಟಿನ ಕಥೆ ಹೇಳಬೇಕು. 1995ರಲ್ಲಿ ಮದುವೆಯಾಗಿ ತಿಪಟೂರಿಗೆ ಬಂದಾಗ ತವರಿನಿಂದ ನನ್ನ ಜೊತೆ ಒಂದು ಟೂ-ಇನ್-ವನ್ ಬಂದಿತ್ತು. ರೇಡಿಯೋನೂ ಹೌದು, ಟೇಪ್ ರೆಕಾರ್ಡರೂ ಹೌದು. ಅತ್ತೆ ಬೀಗರ ಹಾಡಿಗೆ ಹೆಸರಾದವರು. ಗಂಡಿನ ಕಡೆಯವರನ್ನು ಹಾಡಿನಲ್ಲೇ ಗೇಲಿ ಮಾಡಿ, ಅವರೂ ನಗುವಂತೆ ಮಾಡುವ ಆ ಕಲೆ ಅವರಿಗೆ ಒಲಿದಿತ್ತು. ಆದರೆ ಅದು ಮದುವೆಮನೆಯ ಮಾತಾಯಿತು. ನಮ್ಮ ಮಾವನವರಿಗೆ ಮನೆಯೊಳಗೆ ಅಂಥ ಹಾಡು ಕಿವಿಗೆ ಬೀಳಬಾರದು. ಕೆಟ್ಟವರಲ್ಲ, ಶಿಸ್ತಿನವರು, ಅಷ್ಟೆ. ಹಾಗಾಗಿ ಅವರು ಪೇಟೆಗೆ ಹೋದ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಮೇಲೆ ಟೂ-ಇನ್-ವನ್ ಇಟ್ಟು, ನಾನೇ ಗುಂಡಿ ಒತ್ತಿ ಅತ್ತೆಯನ್ನು ಹಾಡಿಸಿದೆ.

ಎರಡು ನುಡಿ ಚೆನ್ನಾಗಿ ಬಂತು. ಮೂರನೆಯ ನುಡಿಯಲ್ಲಿ ಜಗಲಿಯ ಮೇಲೆ ಮೆಟ್ಟಿನ ಸದ್ದಾಯಿತು. ಅತ್ತೆಯ ದನಿ ಥಟ್ಟನೆ ಇಳಿಯಿತು. ನಿಲ್ಲಿಸಲಿಲ್ಲ, ಹಾಡು ತಪ್ಪಲೂ ಇಲ್ಲ. ತುಟಿಯಿಂದೀಚೆಗೆ ಬಾರದಷ್ಟು ಸಣ್ಣಗೆ ಹಾಡುತ್ತಲೇ ಹೋದರು. ಮಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಮೇಲೆ ನಾಲ್ಕನೆಯ ನುಡಿಗೆ ದನಿ ಮತ್ತೆ ಎದ್ದಿತು. ನನಗಾಗ ಇಪ್ಪತ್ತೈದು ವರ್ಷ, ಹೊಸ ಡಿಗ್ರಿ, ಹೊಸ ಗರ್ವ. ಇಷ್ಟಕ್ಕೆಲ್ಲ ಹೆದರುವುದೇ ಎಂದು ಒಳಗೊಳಗೇ ಸಿಡಿಮಿಡಿಗೊಂಡಿದ್ದೆ. ಆ ಕ್ಯಾಸೆಟ್ಟು ಬೀರುವಿನಲ್ಲಿ ಸೀರೆಗಳ ಕೆಳಗೆ ಉಳಿಯಿತು. ಅತ್ತೆ 2014ರಲ್ಲಿ ತೀರಿಕೊಂಡರು.

ಅದನ್ನು ಹೊರತೆಗೆದವನು ನಮ್ಮ ಭಾವನವರ ಮಗ. ಮನೆಯಲ್ಲಿ ಎಲ್ಲರೂ ಪುಟ್ಟು ಎನ್ನುತ್ತೇವೆ, ವಯಸ್ಸು ಇಪ್ಪತ್ತೇಳಾದರೂ. ಬೆಂಗಳೂರಿನಲ್ಲಿ ಕೆಲಸ; ಮಿಕ್ಕ ಹೊತ್ತಿನಲ್ಲಿ ಲ್ಯಾಪ್‌ಟಾಪಿನಲ್ಲಿ ರೀಪರ್ ಎಂಬ ತಂತ್ರಾಂಶ ಹಾಕಿಕೊಂಡು ಗೆಳೆಯರ ಹಾಡುಗಳನ್ನು ಜೋಡಿಸುತ್ತಾನೆ. ಅಜ್ಜಿಯ ಹಾಡನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿನಲ್ಲಿ ಮನೆಮನೆಗೂ ಕೊಡೋಣ ಎಂದು ನನ್ನ ನಾದಿನಿ ಹೇಳಿದ್ದೇ ತಡ, ಕೆಲಸ ಹಿಡಿದ.

ಮೊದಲ ಪ್ರತಿ ಒಂದೇ ರಾತ್ರಿಯಲ್ಲಿ ತಯಾರಾಯಿತು. ಕಂಪ್ರೆಸರ್ ಎಂಬ ಸಾಧನವೊಂದಿದೆಯಂತೆ. ಗಟ್ಟಿಯಾದದ್ದನ್ನು ಅದುಮುತ್ತದೆ, ಆಮೇಲೆ ಒಟ್ಟು ಮಟ್ಟವನ್ನು ಏರಿಸಿದರೆ ಸಣ್ಣಗಿದ್ದದ್ದು ತಾನಾಗಿ ಮೇಲೆ ಬರುತ್ತದೆ. ಪುಟ್ಟು ಅದನ್ನು ಭರ್ಜರಿಯಾಗಿಯೇ ಹಾಕಿದ್ದ, ಕೆಳಗೆ ಒಂದು ತಂಬೂರಿಯನ್ನೂ ಹಾಸಿದ್ದ. ನಾದಿನಿಗೆ ಬಹಳ ಹಿಡಿಸಿತು. ನ್ಯಾಯವಾಗಿ ಹೇಳಬೇಕೆಂದರೆ ಅವಳ ಮಾತಿನಲ್ಲೂ ಸತ್ಯವಿದೆ: ಬೆಳಗಿನ ಹೊತ್ತು ಒಲೆಯ ಮೇಲೆ ಕುಕ್ಕರು, ಪಕ್ಕದಲ್ಲಿ ಮಿಕ್ಸಿ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಹಾಡು ಎಂದರೆ ಹೀಗೆ ಸಮತಟ್ಟಾಗಿದ್ದರೇ ಒಂದೊಂದು ಅಕ್ಷರವೂ ಕೇಳುವುದು.

ಆದರೆ ನಾನು ರಾತ್ರಿ ಒಬ್ಬಳೇ ಕೂತು ಕೇಳಿದಾಗ ಬೇರೆಯೇ ಕಂಡಿತು. ಅತ್ತೆ ಉಸಿರೆಳೆದುಕೊಳ್ಳುವ ಸದ್ದು ಹಾಡಿನಷ್ಟೇ ದೊಡ್ಡದು. ನುಡಿಯ ಕೊನೆಯಲ್ಲಿ ಅವರು ದನಿಯನ್ನು ನವಿರಾಗಿ ಬಿಡುತ್ತಿದ್ದರಲ್ಲ, ಅದು ಮಾಯ. ಮೂರನೆಯ ನುಡಿ ಉಳಿದ ನುಡಿಗಳ ಹಾಗೇ. ಅದಕ್ಕಿಂತ ಹೆಚ್ಚಾಗಿ, ಆ ನುಡಿಯ ನಡುವೆ ಇನ್ನೊಂದು ದನಿ ಬುಸ್ಸೆಂದು ಎದ್ದಿತು: "ಜೋರಾಗಿ ಹೇಳಿ ಅತ್ತೆ, ಏನೂ ಕೇಳಿಸ್ತಿಲ್ಲ!" ನನ್ನದೇ ಪಿಸುಮಾತು. ಮೂವತ್ತು ವರ್ಷದ ಹಿಂದೆ ನಾನು ಹಾಗೆ ಗದರಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು. ಕಂಪ್ರೆಸರ್ ಅದನ್ನು ಅತ್ತೆಯ ಹಾಡಿನ ಸಮಕ್ಕೆ ತಂದು ಕೂರಿಸಿತ್ತು. ನಾದಿನಿ ಅದನ್ನು ಕೇಳಿದ್ದಳು. ಏನೂ ಹೇಳಿರಲಿಲ್ಲ.

ಇಷ್ಟು ಗಟ್ಟಿ ಬೇಡಪ್ಪ ಎಂದೆ. "ಹಾಗಿದ್ರೆ ಆಟೊಮೇಷನ್ ಮಾಡ್ಬೇಕು ಚಿಕ್ಕಮ್ಮ" ಎಂದ. ಯಂತ್ರ ತಾನೇ ಮಾಡಿಕೊಳ್ಳುವುದೇನೋ ಎಂದುಕೊಂಡೆ. ಹೆಸರು ಹಾಗಿದೆ, ಅಷ್ಟೆ, ಕೆಲಸವೆಲ್ಲ ಕೈಯದೇ. ಹಾಡು ಓಡುತ್ತಿರುವಾಗ ದನಿಯ ಗುಂಡಿಯನ್ನು ನಾವು ಎಲ್ಲಿ ಎಷ್ಟು ಏರಿಸಿದೆವು, ಎಲ್ಲಿ ಇಳಿಸಿದೆವು ಎಂಬುದನ್ನು ತಂತ್ರಾಂಶ ನೆನಪಿಟ್ಟುಕೊಂಡು, ಮುಂದಿನ ಸಲ ಹಾಡು ಹಾಕಿದಾಗ ಆ ಚಲನೆಯನ್ನೇ ಮತ್ತೆ ನಡೆಸುತ್ತದೆ. ಕೈಯ ನೆನಪು ಎನ್ನಬಹುದು.

ಹಿಂದೆ ಆ ನೆನಪಿರಲಿಲ್ಲವಂತೆ. ಮಿಕ್ಸಿಂಗ್ ಮೇಜಿನ ಮೇಲೆ ಸಾಲಾಗಿ ಫೇಡರುಗಳು, ಎಂದರೆ ಮೇಲಕ್ಕೂ ಕೆಳಕ್ಕೂ ಜಾರುವ ಗುಂಡಿಗಳು. ಹಾಡನ್ನು ಕೊನೆಯ ಟೇಪಿಗೆ ಇಳಿಸುವಾಗ ಎಷ್ಟು ಜನರಿದ್ದರೆ ಅಷ್ಟು ಕೈ. 1975ರಲ್ಲಿ ಇಂಗ್ಲೆಂಡಿನ ಟೆನ್‌ಸಿಸಿ ಎಂಬ ತಂಡ ತಮ್ಮ ದನಿಗಳನ್ನೇ ಪದರಪದರವಾಗಿ ಟೇಪಿಗೆ ತುಂಬಿ, ಮೇಜಿನ ಫೇಡರುಗಳನ್ನು ಹಾರ್ಮೋನಿಯಮ್ಮಿನ ಮನೆಗಳಂತೆ ನುಡಿಸಿ 'ಐ ಆಮ್ ನಾಟ್ ಇನ್ ಲವ್' ಎಂಬ ಹಾಡು ಕಟ್ಟಿದ್ದನ್ನು ಪುಟ್ಟು ಹೇಳಿದ. ಒಬ್ಬರ ಬೆರಳು ತಪ್ಪಿದರೆ ಮೊದಲಿಂದ ಶುರು. ಆಮೇಲೆ 1977ರ ಹೊತ್ತಿಗೆ ನೀವ್ ಎಂಬ ಕಂಪನಿ, ಫೇಡರುಗಳೇ ನೆನಪಿಟ್ಟುಕೊಂಡು ಮೋಟಾರಿನಿಂದ ತಾವಾಗಿ ಏರಿಳಿಯುವ ಮೇಜು ತಂದಿತು. 1991ರಲ್ಲಿ ಪ್ರೊ ಟೂಲ್ಸ್ ಬಂದ ಮೇಲೆ ಈ ವಿದ್ಯೆ ಕಂಪ್ಯೂಟರಿನ ಪರದೆಗೆ ಇಳಿಯಿತು. ಈಗ ತಿಪಟೂರಿನ ನಮ್ಮ ಊಟದ ಮೇಜಿನ ಮೇಲೂ ಇದೆ.

ಎರಡನೆಯ ಪ್ರತಿಯನ್ನು ಪುಟ್ಟು ಮೌಸಿನಿಂದ ಮಾಡಿದ. ಹಾಡಿನ ಅಲೆ ಪರದೆಯ ಮೇಲೆ ಗುಡ್ಡಸಾಲಿನಂತೆ ಕಾಣುತ್ತದೆ. ತಗ್ಗಿದ್ದಲ್ಲೆಲ್ಲ ಚುಕ್ಕಿ ಇಟ್ಟು ಗೆರೆಯನ್ನು ಮೇಲೆಳೆದ, ಉಬ್ಬಿದಲ್ಲಿ ಕೆಳಗೆಳೆದ. ನಾಲ್ಕು ನಿಮಿಷದ ಹಾಡಿಗೆ ಮುನ್ನೂರಕ್ಕೂ ಹೆಚ್ಚು ಚುಕ್ಕಿ, ಎರಡು ಸಂಜೆಯ ಕೆಲಸ. ರಂಗೋಲಿ ಹಾಕಿದಂತೆ ಅಂದವಾಗಿತ್ತು. ಕೇಳಿದರೆ ಮಾತ್ರ ಅಲ್ಲಲ್ಲಿ ದನಿ ಎಳೆದು ನಿಲ್ಲಿಸಿದಂತೆ. ಪ್ರತಿ ಪದವೂ ಸರಿ, ಪದದಿಂದ ಪದಕ್ಕೆ ಹೋಗುವ ದಾರಿ ಸರಿಯಿಲ್ಲ.

ಕಾರಣ ನನಗೆ ಗೊತ್ತಿತ್ತು, ಅದು ನನ್ನ ಕಸುಬಿನದೇ ತಪ್ಪು. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನು ಮಕ್ಕಳ ಪ್ರಬಂಧವನ್ನು ಓದುತ್ತಿರಲಿಲ್ಲ, ನೋಡುತ್ತಿದ್ದೆ. ಕಣ್ಣಿಗೆ ಬಿದ್ದ ಪ್ರತಿ ತಪ್ಪಿಗೂ ಕೆಂಪು ಗೆರೆ. ಪುಟವೆಲ್ಲ ಕೆಂಪಾಗುತ್ತಿತ್ತು, ಮಗು ಹೇಳಹೊರಟದ್ದೇನು ಎಂಬುದು ತಲೆಗೆ ಹೋಗುತ್ತಲೇ ಇರಲಿಲ್ಲ. ಪುಟ್ಟುವೂ ಹಾಡನ್ನು ನೋಡಿ ತಿದ್ದಿದ್ದ. ಗುಡ್ಡ ತಗ್ಗಾಗಿ ಕಂಡ ಮಾತ್ರಕ್ಕೆ ಕಿವಿಗೆ ಕೊರತೆಯಾಗಬೇಕೆಂದಿಲ್ಲ. 'ಸ' ಎಂಬ ಅಕ್ಷರ ಪರದೆಯಲ್ಲಿ ಸಣ್ಣದಾಗಿ ಕಂಡರೂ ಕಿವಿಗೆ ಚುಚ್ಚುತ್ತದೆ. ತಗ್ಗು ದನಿಯ 'ಊ' ದೊಡ್ಡದಾಗಿ ಕಂಡರೂ ಹಿಂದೆಲ್ಲೋ ಇರುತ್ತದೆ.

ಮೂರನೆಯ ಪ್ರತಿಗೆ ಇಬ್ಬರೂ ಕೂತೆವು. ಅವನ ಗೆಳೆಯನೊಬ್ಬ ಒಂದೇ ಫೇಡರ್ ಇರುವ ಚಿಕ್ಕ ಪೆಟ್ಟಿಗೆ ಕೊಟ್ಟಿದ್ದ. ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಬೆರಳಿನಿಂದ ದನಿಯನ್ನು ಏರಿಳಿಸಬಹುದು. ಇಲ್ಲಿ ನನಗೆ ನಾಲ್ಕು ಇಂಗ್ಲಿಷ್ ಪದಗಳ ಪಾಠವಾಯಿತು. ರೀಡ್ ಎಂದರೆ ಬರೆದಿಟ್ಟ ಚಲನೆಯನ್ನು ಓದಿ ನಡೆಸುವುದು. ನಾವು ಮುಟ್ಟಿದರೂ ಹೊಸದಾಗಿ ಬರೆದುಕೊಳ್ಳುವುದಿಲ್ಲ. ರೈಟ್ ಎಂದರೆ ಹಾಡು ಶುರುವಾದ ಕ್ಷಣದಿಂದ ಹಳೆಯದನ್ನೆಲ್ಲ ಅಳಿಸುತ್ತ ಹೊಸದನ್ನು ಬರೆಯುವುದು. ಕೈ ಸುಮ್ಮನಿದ್ದರೂ ಆ ಸುಮ್ಮನಿರುವಿಕೆಯನ್ನೇ ಬರೆದುಬಿಡುತ್ತದೆ. ಟಚ್ ಎಂದರೆ ಬೆರಳು ಫೇಡರನ್ನು ಮುಟ್ಟಿರುವಷ್ಟು ಹೊತ್ತು ಮಾತ್ರ ಬರೆಯುವುದು, ಬಿಟ್ಟೊಡನೆ ಮೊದಲಿದ್ದ ಗೆರೆಗೆ ಮರಳುವುದು. ಲ್ಯಾಚ್ ಎಂದರೆ ಚಿಲಕ. ಮುಟ್ಟಿದ ಮೇಲೆ ಶುರು, ಬೆರಳು ತೆಗೆದರೂ ಬಿಟ್ಟ ಮಟ್ಟದಲ್ಲೇ ಹಾಡು ನಿಲ್ಲಿಸುವ ತನಕ ಬರೆಯುತ್ತ ಹೋಗುವುದು.

ನನ್ನ ಮಟ್ಟಿಗೆ ಈ ನಾಲ್ಕರಲ್ಲಿ ರೈಟ್ ಎಂಬುದು ಹೊಸ ಮೇಡಂ, ಟಚ್ ಎಂಬುದು ಪಳಗಿದ ಮೇಡಂ. ಪುಟ್ಟುವಿಗೂ ಒಮ್ಮೆ ಪಾಠವಾಯಿತು. ಮೊದಲ ಎರಡು ನುಡಿಯನ್ನು ಚೆನ್ನಾಗಿ ನಡೆಸಿ, ರೈಟ್‌ನಲ್ಲೇ ಇದೆಯೆಂಬುದನ್ನು ಮರೆತು ಮತ್ತೆ ಮೊದಲಿಂದ ಹಾಡು ಹಾಕಿದ. ಅರ್ಧ ಗಂಟೆಯ ಕೆಲಸ ಕಣ್ಣೆದುರೇ ಒರೆಸಿಹೋಯಿತು. ಹಿಂದಕ್ಕೆ ಹೋಗುವ ಗುಂಡಿ ಇದ್ದದ್ದರಿಂದ ಬಚಾವಾದೆವು.

ಬೇಗ ಮುಗಿಸುವ ದಾರಿ ಎಂದರೆ ಕೈಬೀಸಿ ಕೆಲಸ ಮಾಡುವುದಲ್ಲ, ಮುಟ್ಟುವ ಜಾಗ ಕಡಿಮೆ ಮಾಡಿಕೊಳ್ಳುವುದು. ಮೂರನೆಯ ಪ್ರತಿಯ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿದದ್ದು ಹೀಗೆ. ಮೊದಲು ತಂಬೂರಿ ತೆಗೆಸಿದೆ. ಅತ್ತೆಯ ಶ್ರುತಿ ಹಾಡು ಮುಗಿಯುವ ಹೊತ್ತಿಗೆ ಚೂರು ಏರಿರುತ್ತಿತ್ತು, ಅದು ತಂಬೂರಿಯ ಜೊತೆ ಜಗಳವಾಡುತ್ತಿತ್ತು. ಆಮೇಲೆ ಗುಂಡಿ ಮುಟ್ಟದೆ ಮೂರು ಸಲ ಕೇಳಿ, ಎಲ್ಲೆಲ್ಲಿ ಪದ ಕೈತಪ್ಪುತ್ತದೆಯೋ ಅಷ್ಟನ್ನು ಮಾತ್ರ ನಾನು ಕಾಗದದಲ್ಲಿ ಗುರುತು ಹಾಕಿಕೊಂಡೆ. ಬರೀ ಹನ್ನೊಂದು ಜಾಗ! ಒಂದು ನುಡಿ ಇನ್ನೊಂದಕ್ಕಿಂತ ಪೂರ್ತಿ ಮೆಲ್ಲಗಿದ್ದರೆ ಅದಕ್ಕೆ ಆಟೊಮೇಷನ್ ಬೇಕಿಲ್ಲ, ಆ ತುಣುಕನ್ನೇ ಕತ್ತರಿಸಿ ಅದರ ಮಟ್ಟವನ್ನು ಒಟ್ಟಾಗಿ ಏರಿಸಬಹುದು. ಎರಡನೆಯ ನುಡಿಗೆ ಹಾಗೆ ಮಾಡಿದೆವು. ಉಳಿದ ಜಾಗಗಳನ್ನು ಒಂದೊಂದಾಗಿ ಸುತ್ತುಹಾಕಿ ಮತ್ತೆ ಮತ್ತೆ ಓಡಿಸುತ್ತ, ಟಚ್‌ನಲ್ಲಿ ಇಟ್ಟು, ಕಣ್ಣು ಮುಚ್ಚಿ ಬೆರಳಾಡಿಸುವುದು. ಪದ ಬರುವ ಚೂರು ಮುಂಚೆ ಏರಿಸಬೇಕು; ಬಂದ ಮೇಲೆ ಏರಿಸಿದರೆ ಏರಿಸಿದ್ದು ಕೇಳಿಸುತ್ತದೆ. ಹಾಡು ಬಾಯಿಗೆ ಬಂದವರಿಗೆ ಮಾತ್ರ ಅದು ಸಾಧ್ಯ. ಹಾಗಾಗಿ ಬೆರಳು ನನ್ನದೇ ಆಯಿತು.

ಇನ್ನೆರಡು ಎಚ್ಚರಿಕೆ. ಕೈಯಿಂದ ಬರೆದಾಗ ತಂತ್ರಾಂಶ ನೂರಾರು ಚುಕ್ಕಿಗಳನ್ನು ಉದುರಿಸುತ್ತದೆ. ಮುಗಿದ ಮೇಲೆ ಅನಗತ್ಯವಾದವನ್ನು ಕಡಿಮೆ ಮಾಡಿಸಿದರೆ ಗೆರೆ ಹಗುರಾಗುತ್ತದೆ, ನಾಳೆ ತಿದ್ದಬೇಕಾದರೂ ಸುಲಭ. ಎರಡನೆಯದು, ಈ ಏರಿಳಿತವನ್ನೆಲ್ಲ ಮುಖ್ಯ ಫೇಡರಿಗೇ ಬರೆಯಬಾರದು. ಬರೆದರೆ, ಆಮೇಲೆ ಇಡೀ ಹಾಡು ಒಂದಿಷ್ಟು ಮೆಲ್ಲಗಿರಲಿ ಎಂದು ಫೇಡರನ್ನು ಎಳೆದರೂ ಹಾಡು ಹಾಕಿದೊಡನೆ ಅದು ಹಟಮಾರಿ ಮಗುವಿನ ಹಾಗೆ ತನ್ನ ಜಾಗಕ್ಕೇ ಓಡುತ್ತದೆ. ರೀಪರ್‌ನಲ್ಲಿ ಮುಖ್ಯ ಫೇಡರಿಗೂ ಕಂಪ್ರೆಸರಿಗೂ ಮುಂಚೆಯೇ ದನಿಯನ್ನು ತಿದ್ದುವ ಬೇರೆ ಗೆರೆಯೊಂದಿದೆ. ಪುಟ್ಟು ಎಲ್ಲವನ್ನೂ ಅಲ್ಲಿಗೆ ಬರೆಸಿದ. ಆಗ ಕಂಪ್ರೆಸರಿಗೂ ಹೆಚ್ಚು ಕೆಲಸ ಉಳಿಯಲಿಲ್ಲ, ಉಪ್ಪಿನಷ್ಟು ಸಾಕಾಯಿತು.

ಹತ್ತು ಜಾಗ ಸಲೀಸಾಗಿ ಮುಗಿಯಿತು, ಎಲ್ಲೂ ಎರಡು ಡೆಸಿಬೆಲ್ ದಾಟಲಿಲ್ಲ. ಹನ್ನೊಂದನೆಯದು ಮೂರನೆಯ ನುಡಿ.

ಅಲ್ಲಿ ದನಿ ಸುಮಾರು ಹತ್ತು ಡೆಸಿಬೆಲ್ ಇಳಿದಿತ್ತು. ಪುಟ್ಟುವಿನ ಲೆಕ್ಕ ಸರಳ: ಹತ್ತು ಇಳಿದಿದೆ, ಹತ್ತು ಏರಿಸೋಣ. ನಾನು ಬೇಡವೆಂದೆ. "ಪದ ಕೇಳ್ಸಲ್ವಲ್ಲ ಚಿಕ್ಕಮ್ಮ, ಟೇಪ್ ಹಾಳಾಗಿದೆ ಅಂದ್ಕೋತಾರೆ" ಎಂದ. ಆಗ ಅವನಿಗೆ ಮೆಟ್ಟಿನ ಸದ್ದಿನ ಕಥೆ ಹೇಳಿದೆ. ಅವನಿಗೆ ತಾತ ಎಂದರೆ ಪೆಪ್ಪರಮೆಂಟು ಕೊಡುತ್ತಿದ್ದ ಮುದುಕರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಜಾಗವನ್ನೇ ಮತ್ತೆ ಹಾಕಿದ. ನಿಜ, ಹಿಸ್ಸೆನ್ನುವ ಸದ್ದಿನ ಹಿಂದೆ ಎರಡು ಸಲ ಟಪ್ ಟಪ್ ಎಂದು ಕೇಳಿತು.

ಅಷ್ಟು ದೂರದ ಸದ್ದು ಅಡುಗೆಮನೆಯ ರೆಕಾರ್ಡರಿಗೆ ಹೇಗೆ ಸಿಕ್ಕಿತು ಎಂಬುದಕ್ಕೆ ಅವನೇ ಕಾರಣ ಹೇಳಿದ. ಆ ಕಾಲದ ಟೂ-ಇನ್-ವನ್‌ಗಳಲ್ಲಿ ಆಟೊಮ್ಯಾಟಿಕ್ ಲೆವೆಲ್ ಕಂಟ್ರೋಲ್ ಎಂದು ಇರುತ್ತಿತ್ತು. ಮುಂದಿರುವ ಸದ್ದು ಸಣ್ಣಗಾದರೆ ಯಂತ್ರ ತಾನಾಗಿ ಕಿವಿ ಅರಳಿಸುತ್ತಿತ್ತು, ದೊಡ್ಡದಾದರೆ ಮುಚ್ಚಿಕೊಳ್ಳುತ್ತಿತ್ತು. ಅತ್ತೆ ತಗ್ಗಿದಾಗ ಅದು ಹುಡುಕಿಕೊಂಡು ಹೋಗಿ ಮಾವನ ಮೆಟ್ಟಿನ ಸದ್ದನ್ನು ಹಿಡಿದು ತಂದಿತ್ತು, ನನ್ನ ಪಿಸುಮಾತನ್ನೂ. ಅಂದರೆ ಟೇಪಿನಲ್ಲಿರುವ ಹತ್ತು ಡೆಸಿಬೆಲ್ ಯಂತ್ರ ಏರಿಸಿದ ಮೇಲೆ ಉಳಿದದ್ದು. ಅತ್ತೆ ಅಂದು ನಿಜವಾಗಿ ಇಳಿದದ್ದು ಅದಕ್ಕಿಂತ ಹೆಚ್ಚು. ಇದನ್ನು ಕೇಳಿ ನನಗೆ ಫೇಡರಿನ ಮೇಲೆ ಬೆರಳಿಡಲು ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಗೆ ನಾಲ್ಕು ಡೆಸಿಬೆಲ್ ಏರಿಸಿದೆವು. ಕಿವಿಗೊಟ್ಟು ಕೇಳುವವರಿಗೆ ಪದ ಸಿಗಬೇಕು, ದನಿ ಇಳಿದದ್ದೂ ತಿಳಿಯಬೇಕು. ನಾಲ್ಕನೆಯ ನುಡಿಗೆ ಅವರು ತಾವಾಗಿ ಎದ್ದು ಬರುವಾಗ ನಾನು ಬೆರಳು ತೆಗೆದುಬಿಟ್ಟೆ.

ಉಳಿದದ್ದು ನನ್ನ ಪಿಸುಮಾತು. ಅದು ಎರಡು ಪದಗಳ ಸಂದಿನಲ್ಲಿತ್ತು, ಅತ್ತೆ ಉಸಿರೆಳೆದುಕೊಳ್ಳುವ ಕ್ಷಣದಲ್ಲಿ. "ತೆಗೀಬಹುದು ಚಿಕ್ಕಮ್ಮ, ಅಲ್ಲಿ ಗೆರೇನ ಸೊನ್ನೆಗಿಳಿಸಿದ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ" ಎಂದ ಪುಟ್ಟು, ನನ್ನ ಮುಖ ನೋಡದೆ. ಬಹಳ ಆಸೆಯಾಯಿತು. ಮನೆಮನೆಗೆ ಹೋಗುವ ಹಾಡಿನಲ್ಲಿ ಸೊಸೆ ಅತ್ತೆಯನ್ನು ಗದರುವುದು ಯಾರಿಗೆ ಬೇಕು? ಆದರೆ ಅವರ ತಗ್ಗನ್ನು ಉಳಿಸಿ ನನ್ನ ಏರನ್ನು ಅಳಿಸಿದರೆ ಅದೆಂಥ ವಿಮರ್ಶೆ? ಮೆಟ್ಟಿನ ಸದ್ದಿಗೆ ಹೆದರಿದವರನ್ನು ಹೆದರಿದಿರೇಕೆ ಎಂದು ಗದರಿಸಿದವಳು ನಾನು. ಅವರ ಪಾಲಿಗೆ ಆ ಮಧ್ಯಾಹ್ನ ಹೊರಗಿನಿಂದ ಒಬ್ಬರು, ಒಳಗಿನಿಂದ ಒಬ್ಬಳು. ಅಂಥದ್ದರಲ್ಲೂ ಹಾಡು ನಿಲ್ಲಿಸದೆ ಗೇಲಿಯ ಪದಗಳನ್ನು ಒಂದೂ ಬಿಡದೆ ಹಾಡಿ ಮುಗಿಸಿದ್ದರು. ಅದು ಹೆದರಿಕೆಯಲ್ಲ ಎಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು. ಪಿಸುಮಾತನ್ನು ಅದರ ಮಟ್ಟದಲ್ಲೇ ಬಿಡು ಎಂದೆ. ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

ಈ ಅನುಭವದ ಮೇಲೆ ಹೊಸ ಹಾಡುಗಳನ್ನು ಕೇಳುವಾಗ ಒಂದು ಆಕ್ಷೇಪ ಹುಟ್ಟಿದೆ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದೇ ಗಟ್ಟಿ. ಪರದೆಯಲ್ಲಿ ನೋಡಿದರೆ ಇಟ್ಟಿಗೆಯಂತಿರುತ್ತದೆ ಎನ್ನುತ್ತಾನೆ ಪುಟ್ಟು. ಸಿ.ಡಿ.ಗಳ ಕಾಲದಲ್ಲಿ ಪಕ್ಕದವರ ಹಾಡಿಗಿಂತ ನಮ್ಮದು ಗಟ್ಟಿಯಾಗಿರಲಿ ಎಂಬ ಪೈಪೋಟಿ ಶುರುವಾಗಿ ಅದಕ್ಕೆ ಲೌಡ್‌ನೆಸ್ ವಾರ್ ಎಂಬ ಹೆಸರೇ ಬಂತು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ಕಾರ್ಯಕ್ರಮದ ಸರಾಸರಿ ಗಟ್ಟಿತನಕ್ಕೆ ಒಂದು ಮಟ್ಟ ಗೊತ್ತುಮಾಡಿತು. ಮೊಬೈಲಿನಲ್ಲಿ ಹಾಡು ಕೇಳಿಸುವ ದೊಡ್ಡ ಕಂಪನಿಗಳೂ ತೀರ ಗಟ್ಟಿಯಾದದ್ದನ್ನು ತಾವೇ ಇಳಿಸಿ ಹಾಕುತ್ತವೆ. ಎಂದ ಮೇಲೆ ಹಾಡನ್ನು ಅದುಮಿ ಗಟ್ಟಿ ಮಾಡಿದವರಿಗೆ ಲಾಭವೇನು? ಏರಿಳಿತ ಹೋಯಿತು, ಗಟ್ಟಿತನವೂ ದಕ್ಕಲಿಲ್ಲ. ಹಾಡುವವಳು ಎಲ್ಲಿ ತಗ್ಗುತ್ತಾಳೆ, ಯಾಕೆ ತಗ್ಗುತ್ತಾಳೆ ಎಂದು ಒಂದು ಸಲ ಕೇಳಿಕೊಂಡ ಮೇಲೆ ಗುಂಡಿ ಮುಟ್ಟಿದರೆ ಚೆನ್ನ.

ಪೆನ್‌ಡ್ರೈವಿಗೆ ಮೂರನೆಯ ಪ್ರತಿ ಹೋಯಿತು. ಮೊದಲನೆಯದನ್ನೂ ನಾದಿನಿಗೆಂದು ಬೇರೆ ಹಾಕಿಕೊಟ್ಟೆ, ಮಿಕ್ಸಿಯ ಹೊತ್ತಿಗೆ ಇರಲಿ ಎಂದು. ನಾಲ್ಕು ದಿನ ಬಿಟ್ಟು ಅವಳ ಫೋನು ಬಂತು.

"ಅತ್ತಿಗೆ, ಹೊಸದರಲ್ಲಿ ಮಧ್ಯ ಅಮ್ಮ ಯಾಕೆ ಹಾಗೆ ಮೆಲ್ಲಗೆ ಹಾಡ್ತಾಳೆ? ನೀವು ಬೇರೆ ಗದರ್ತೀರ" ಎಂದಳು.

"ಗದರಿದ್ದು ತಪ್ಪು ಕಣೆ" ಎಂದೆ. "ನಿಮ್ಮಪ್ಪ ಬಂದ್ರು ಆಗ. ಜಗಲಿ ಮೇಲೆ ಸದ್ದಾಯ್ತು, ಕೇಳ್ಸಿಲ್ವಾ?"

ಆ ಕಡೆಯಿಂದ ಮಾತಿಲ್ಲ. ಹಾಡನ್ನು ಮತ್ತೆ ಹಾಕಿಕೊಂಡಳೆಂದು ಕಾಣುತ್ತದೆ. ಫೋನಿನಲ್ಲೇ ಅತ್ತೆಯ ಮೂರನೆಯ ನುಡಿ ಸಣ್ಣಗೆ ಕೇಳಿತು. ಆಮೇಲೆ ನಕ್ಕಳು. "ಆ ಮೆಟ್ಟಿನ ಸದ್ದು ಕೇಳಿದ್ರೆ ನಾನೂ ಪುಸ್ತಕ ತೆಗೀತಿದ್ದೆ ಅತ್ತಿಗೆ" ಎಂದಳು.